ಮೌಸ್ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ

ಗಣಿತ ಪಾಠಕ್ಕೆ ಕಂಪ್ಯೂಟರ್ ಬಳಸಲು ಹತ್ತಾರು ಆ್ಯಪ್ ಕಲಿಯಬೇಕಿಲ್ಲ. ಒಂದು ಚಿತ್ರ ಬಿಡಿಸಲು ಬಂದರೆ ಮೊದಲ ಪಾಠಕ್ಕೆ ಸಾಕು. ಅದಕ್ಕೆ ಜಿಯೋಜೀಬ್ರಾ ಒಳ್ಳೆಯದು. ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ, ಆಸ್ಟ್ರಿಯಾದಲ್ಲಿ ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದ ತಂತ್ರಾಂಶ ಇದು. ತರಗತಿಯ ಬಳಕೆಗೆ ದುಡ್ಡು ಕೊಡಬೇಕಿಲ್ಲ.

ಬ್ರೌಸರ್‌ನಲ್ಲಿ ಜಿಯೋಜೀಬ್ರಾ ಕ್ಲಾಸಿಕ್ ತೆರೆಯಿರಿ. ಪಾಲಿಗನ್ ಉಪಕರಣ ಆರಿಸಿ, ಮೂರು ಕಡೆ ಕ್ಲಿಕ್ ಮಾಡಿ, ಕೊನೆಗೆ ಮೊದಲ ಬಿಂದುವಿನ ಮೇಲೆ ಇನ್ನೊಮ್ಮೆ ಒತ್ತಿ. ತ್ರಿಭುಜ ಸಿದ್ಧ. ಈಗ ಆ್ಯಂಗಲ್ ಉಪಕರಣ ಆರಿಸಿ ತ್ರಿಭುಜದ ಒಳಗೆ ಕ್ಲಿಕ್ಕಿಸಿದರೆ ಮೂರು ಕೋನಗಳೂ ಒಟ್ಟಿಗೆ ಕಾಣುತ್ತವೆ.

ಹೊಸಬರು ಎಡವುವುದು ಇಲ್ಲೇ. 60 ಡಿಗ್ರಿ ಇರಬೇಕಾದಲ್ಲಿ 300 ಬಂತೇ? ತಂತ್ರಾಂಶ ಕೆಟ್ಟಿಲ್ಲ. ನೀವು ಬಿಂದುಗಳನ್ನು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಇಟ್ಟಿದ್ದೀರಿ, ಅದು ಹೊರಗಿನ ಕೋನ ಅಳೆದಿದೆ. ಎದುರು ದಿಕ್ಕಿನಲ್ಲಿ ಮತ್ತೆ ಬಿಡಿಸಿ. ಇದನ್ನು ಹಿಂದಿನ ದಿನವೇ ಒಮ್ಮೆ ಮಾಡಿ ನೋಡಿಕೊಂಡರೆ ಮಕ್ಕಳ ಮುಂದೆ ಬೆವರುವುದು ತಪ್ಪುತ್ತದೆ.

ಇನ್ನು ಪಾಠ: ತ್ರಿಭುಜದ ಮೂರು ಕೋನ ಕೂಡಿದರೆ 180 ಡಿಗ್ರಿ. ಒಂದು ಶೃಂಗದ, ಅಂದರೆ ತ್ರಿಭುಜದ ಮೂಲೆಯ, ಮೇಲೆ ಮೌಸ್ ಇಟ್ಟು, ಎಳೆಯದೆ ನಿಲ್ಲಿ. ‘ಇದನ್ನು ದೂರ ಎಳೆದರೆ ಯಾವ ಕೋನ ಜಾಸ್ತಿಯಾಗುತ್ತೆ, ಯಾವುದು ಕಡಿಮೆ? ಮೂರನ್ನೂ ಕೂಡಿದರೆ?’ ಎಲ್ಲರೂ ನೋಟ್‌ಬುಕ್ಕಿನಲ್ಲಿ ಊಹೆ ಬರೆಯಲಿ. ಆಮೇಲೆ ಎಳೆಯಿರಿ, ಅದೂ ನೀವಲ್ಲ, ಹಿಂದಿನ ಬೆಂಚಿನ ಯಾರಾದರೂ ಬಂದು ಎಳೆಯಲಿ. ಸುಮ್ನೆ ಎಳೆದು ತೋರಿಸಿದರೆ ಅದು ಟಿ.ವಿ. ನೋಡಿದಂತೆಯೇ ಅಲ್ವಾ?

ಕೂಡುವ ಕೆಲಸವನ್ನು ತಂತ್ರಾಂಶಕ್ಕೆ ಬಿಡಬೇಡಿ, ಮಕ್ಕಳೇ ಮಾಡಲಿ. ಆಗ ಯಾರಿಗಾದರೂ 179.99 ಬರಬಹುದು. 59.33, 60.33, 60.33 ಕೂಡಿ ನೋಡಿ. ‘ಸರ್, ಕಂಪ್ಯೂಟರ್ ತಪ್ಪು’ ಎಂಬ ಕೂಗು ಎದ್ದರೆ ಖುಷಿಪಡಿ. ಪರದೆ ಎರಡು ದಶಮಾಂಶಕ್ಕೆ ಅಂದಾಜಿಸಿ ತೋರಿಸುತ್ತಿದೆ, ಉಳಿದದ್ದು ಕಾಣುತ್ತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ದಶಮಾಂಶದ ಸ್ಥಾನ ಹೆಚ್ಚಿಸಿ ಮತ್ತೆ ಕೂಡಿಸಿ. ನನ್ನ ಮಟ್ಟಿಗೆ ಇಡೀ ತರಗತಿಯ ಬೆಲೆಬಾಳುವ ಐದು ನಿಮಿಷ ಇದು.

ನೂರು ಸಲ ಎಳೆದರೂ 180 ಬಂತು ಅಂದರೆ ಅದು ಯಾವಾಗಲೂ ನಿಜ ಎಂದು ಸಾಧಿಸಿದಂತಲ್ಲ. ಪ್ರೊಜೆಕ್ಟರ್ ಆಫ್ ಮಾಡಿ ಹಲಗೆಗೆ ಬನ್ನಿ. ಒಂದು ತ್ರಿಭುಜ ಬಿಡಿಸಿ, ಮೇಲಿನ ಶೃಂಗದ ಮೂಲಕ ಪಾದಕ್ಕೆ, ಅಂದರೆ ಕೆಳಗಿನ ಬಾಹುವಿಗೆ, ಸಮಾಂತರವಾಗಿ ಒಂದು ಗೆರೆ ಎಳೆಯಿರಿ. ಪಾದದ ಎರಡು ಕೋನಗಳು ಆ ಗೆರೆಯ ಬಳಿ ಎಲ್ಲಿ ಕೂರುತ್ತವೆ ಎಂದು ಕೇಳಿ. ಸಮಾಂತರ ಗೆರೆಗಳ ಪರ್ಯಾಯ ಕೋನಗಳು ಸಮ ಎಂದು ಗೊತ್ತಿರುವ ಮಕ್ಕಳು ಉಳಿದದ್ದನ್ನು ತಾವೇ ಹೇಳುತ್ತಾರೆ.