ಮಳೆಗಾಲಕ್ಕೆ ಬೇರೆ ಚಕ್ರ: ಮಲೆನಾಡಿನ ಕಾರಿಗೆ ಎರಡನೇ ಸೆಟ್ ಆರಿಸುವುದು ಹೇಗೆ

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಕಾರಿನ ನಾಲ್ಕೂ ಚಕ್ರ ಬಿಚ್ಚಿ ಬೇರೆ ಸೆಟ್ ಹಾಕುತ್ತಾರೆ. ನಮಗೆ ಹಿಮ ಇಲ್ಲ, ಆರಿದ್ರಾ ಮಳೆ ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ದಿನಾ ಓಡಾಡುವವರಿಗೆ ಆ ನಾಲ್ಕು ತಿಂಗಳು ಒಣ ರಸ್ತೆ ಕಾಣಿಸುವುದೇ ಅಪರೂಪ. ಹಾಗಾಗಿ ಮಳೆಗಾಲಕ್ಕೆ ಅಂತಲೇ ರಿಮ್ ಸಮೇತ ಒಂದು ಸೆಟ್ ಇಟ್ಟುಕೊಳ್ಳುವುದು ಶೋಕಿ ಅಲ್ಲ. ಹಾಗಂತ ಎಲ್ಲರಿಗೂ ಬೇಕು ಅಂತಲೂ ಅಲ್ಲ. ಶಿವಮೊಗ್ಗ ಪೇಟೆಯೊಳಗೇ ಆಫೀಸಿಗೆ ಹೋಗಿ ಬರುವವರಾದರೆ ಇರುವ ಟೈರನ್ನೇ ಚೆನ್ನಾಗಿಟ್ಟುಕೊಳ್ಳಿ, ಸಾಕು. ಮನೆಗೆ ಹೋಗುವ ದಾರಿ ಮಣ್ಣಿನದು, ಏರು ಇದೆ, ಅಥವಾ ವಾರಕ್ಕೆ ಎರಡು ಸಲವಾದರೂ ಘಾಟಿ ಇಳಿಯಬೇಕು ಅನ್ನುವವರು ಮುಂದೆ ಓದಿ.

ನಾನು ಈ ಪಾಠ ಕಲಿತದ್ದು ಮಂಡಗದ್ದೆ ಹತ್ತಿರದ ಒಂದು ತಿರುವಿನಲ್ಲಿ. ಆ ವರ್ಷ ದುಡ್ಡು ಉಳಿಸೋಣ ಅಂತ ಎರಡೇ ಹೊಸ ಟೈರ್ ತಗೊಂಡಿದ್ದೆ. ಅಂಗಡಿಯವರು ಎರಡನ್ನೂ ಮುಂದಕ್ಕೆ ಹಾಕಿ, "ಎಳೆಯೋದು ಮುಂದಿನ ಚಕ್ರ ಅಲ್ವಾ ಸಾರ್" ಅಂದರು, ನನಗೂ ಸರಿ ಅನ್ನಿಸಿತು. ಪುನರ್ವಸು ಮಳೆ, ಸಂಜೆ ಆರು ಗಂಟೆ, ಸ್ಪೀಡು ಐವತ್ತೂ ಇರಲಿಲ್ಲ. ಮುಂದಿನ ಚಕ್ರ ರಸ್ತೆ ಹಿಡಿದುಕೊಂಡೇ ಇತ್ತು, ಹಿಂದಿನದು ಮಾತ್ರ ಮೆತ್ತಗೆ ಪಕ್ಕಕ್ಕೆ ಹೊರಟಿತು, ನಾನು ಗಾಬರಿಯಲ್ಲಿ ಬ್ರೇಕ್ ಒತ್ತಿದೆ, ಕಾರು ಅರ್ಧ ಸುತ್ತು ತಿರುಗಿ ಬಂದ ದಾರಿಗೇ ಮುಖ ಮಾಡಿ ಚರಂಡಿಯಲ್ಲಿ ಕೂತಿತು. ಎದುರಿಗೆ ಬಸ್ ಬರದಿದ್ದದ್ದು ಪುಣ್ಯ. ಹಿಂದೆ ಬರುತ್ತಿದ್ದ ಪಿಕಪ್ಪಿನವರು ಹಗ್ಗ ಕಟ್ಟಿ ಎಳೆದುಕೊಟ್ಟು, ಹಿಂದಿನ ಟೈರು ಮುಟ್ಟಿ ನೋಡಿ, "ಇದೇನು ಮಾರಾಯ್ರೆ, ಬೋಳು ಬೋಳು" ಅಂದರು. ಎರಡೇ ಹೊಸ ಟೈರ್ ತಗೊಂಡರೆ ಅವು ಹಿಂದಕ್ಕೆ ಹೋಗಬೇಕು, ಮುಂದಿನ ಚಕ್ರ ಎಳೆಯುವ ಕಾರಾದರೂ ಅಷ್ಟೇ. ಮುಂದಿನದು ಜಾರಿದರೆ ಕಾರು ನೇರ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹಳ ಸಲ ಹಿಡಿತ ವಾಪಸ್ ಬರುತ್ತದೆ. ಹಿಂದಿನದು ಜಾರಿದರೆ ಸರಿಮಾಡುವಷ್ಟು ಕೈಚಳಕ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಎರಡನೇ ಸೆಟ್ ಅಂದರೆ ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ ಇರಲಿ ಅನ್ನುವುದು ಇದಕ್ಕೇ.

ಈಗ ಸೈಜಿನ ವಿಷಯ. ಹೆಚ್ಚಿನವರು ತಪ್ಪುವುದು ಇಲ್ಲೇ. ಹಿಡಿತ ಜಾಸ್ತಿ ಬೇಕು ಅಂದ ತಕ್ಷಣ ಅಗಲ ಟೈರ್ ಕೇಳುತ್ತಾರೆ. ಒಣ ರಸ್ತೆಗೆ ಅದು ಸರಿಯೇ. ನೀರು ನಿಂತ ರಸ್ತೆಯಲ್ಲಿ ಉಲ್ಟಾ. ಅಗಲ ಟೈರು ನೀರಿನ ಮೇಲೆ ದೋಣಿಯ ಹಾಗೆ ಬೇಗ ಏರುತ್ತದೆ, ಅಗಲ ಕಮ್ಮಿ ಇರುವ ಟೈರು ನೀರನ್ನು ಸೀಳಿಕೊಂಡು ಕೆಳಗಿನ ಡಾಂಬರು ಮುಟ್ಟುತ್ತದೆ. ಹಾಗಾಗಿ ಮಳೆಗಾಲದ ಸೆಟ್ ನಿಮ್ಮ ಈಗಿನದ್ದಕ್ಕಿಂತ ಅಗಲ ಇರಬಾರದು. ಒಂದು ಮೆಟ್ಟಿಲು ಕಡಿಮೆಯಾದರೆ ಇನ್ನೂ ಒಳ್ಳೆಯದು, ಆದರೆ ಅದು ನಿಮ್ಮ ಕಾರಿನದೇ ಬೇರೆ ವೇರಿಯಂಟಿಗೆ ಕಂಪನಿ ಕೊಟ್ಟ ಸೈಜ್ ಆಗಿರಬೇಕು.

ಉದಾಹರಣೆಗೆ ಸ್ವಿಫ್ಟ್. ಮೇಲಿನ ವೇರಿಯಂಟಿಗೆ 185/65 ಆರ್ 15, ಕೆಳಗಿನದ್ದಕ್ಕೆ 165/80 ಆರ್ 14. ಮೊದಲ ಸಂಖ್ಯೆ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಗೋಡೆಯ ಎತ್ತರ, ಅಗಲದ ಶೇಕಡಾ ಎಷ್ಟು ಅಂತ. ಕೊನೆಯದು ರಿಮ್ಮಿನ ಇಂಚು. ಲೆಕ್ಕ ಹಾಕಿ ನೋಡಿ: 165ರಲ್ಲಿ ಶೇಕಡಾ 80 ಅಂದರೆ 132, ಮೇಲೆ ಕೆಳಗೆ ಸೇರಿ 264, ಅದಕ್ಕೆ 14 ಇಂಚಿನ 355.6 ಕೂಡಿದರೆ ಒಟ್ಟು ಎತ್ತರ ಸುಮಾರು 620 ಮಿಲಿಮೀಟರ್. ಇನ್ನೊಂದರದ್ದು 621.5. ವ್ಯತ್ಯಾಸ ಎರಡು ಮಿಲಿಮೀಟರೂ ಇಲ್ಲ, ಸ್ಪೀಡೋಮೀಟರಿಗೆ ಗೊತ್ತೇ ಆಗುವುದಿಲ್ಲ. ಅಗಲ ಮಾತ್ರ 20 ಮಿಲಿಮೀಟರ್ ಕಮ್ಮಿಯಾಯಿತು, ಗೋಡೆ 12 ಮಿಲಿಮೀಟರ್ ಎತ್ತರವಾಯಿತು. ನೀರು ತುಂಬಿ ಕಾಣದ ಗುಂಡಿಗೆ ಚಕ್ರ ಬಿದ್ದಾಗ ರಿಮ್ ಉಳಿಸುವುದು ಆ ಎತ್ತರದ ಗೋಡೆಯೇ. ಬೆಲೆಯೂ ಸಾಮಾನ್ಯವಾಗಿ ಕಡಿಮೆ. ನಿಮ್ಮ ಕಾರಿಗೆ ಯಾವ ಸೈಜ್ ನಡೆಯುತ್ತದೆ, ಎಷ್ಟು ಗಾಳಿ ಅಂತ ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರಿನಲ್ಲಿ ಇರುತ್ತದೆ. ಇಲ್ಲದಿದ್ದರೆ ಪುಸ್ತಕದಲ್ಲಿದೆ, ಅದೇ ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಾರದ ಪುಸ್ತಕ. ಸೈಜಿನ ಪಕ್ಕ ಇರುವ 88 ತರಹದ ಸಂಖ್ಯೆ ಭಾರದ್ದು. 88 ಅಂದರೆ ಒಂದು ಟೈರಿಗೆ 560 ಕೆ.ಜಿ. ಆ ಸೈಜಿಗೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಸಂಖ್ಯೆಯದ್ದು ಬೇಡ.

ರಿಮ್ ಸ್ಟೀಲಿನದೇ ತಗೊಳ್ಳಿ. ನೋಡಲು ಚೆಂದ ಇಲ್ಲ, ಒಪ್ಪುತ್ತೇನೆ. ಆದರೆ ಗುಂಡಿಗೆ ಬಿದ್ದರೆ ಅಲಾಯ್ ಬಿರುಕು ಬಿಡಬಹುದು, ಸ್ಟೀಲ್ ಬಗ್ಗುತ್ತದೆ, ಸಣ್ಣ ಬಗ್ಗು ಆದರೆ ಬಡಿದು ಸರಿಮಾಡಬಹುದು. ಹೊಸ ಕಾರು ತಗೊಂಡು ಮಾರನೇ ದಿನವೇ ಅಲಾಯ್ ಹಾಕಿಸುವವರು ಬಿಟ್ಟುಹೋದ ಸ್ಟೀಲ್ ರಿಮ್ಮುಗಳು ದೊಡ್ಡ ಟೈರ್ ಅಂಗಡಿಗಳ ಹಿಂದೆ ಬಿದ್ದಿರುತ್ತವೆ, ಕೇಳಿ ನೋಡಿ. ಹಳೆಯದು ತಗೊಳ್ಳುವಾಗ ಟೈರ್ ಕೂರುವ ಅಂಚನ್ನು ಬೆರಳಾಡಿಸಿ ನೋಡಿ. ಅಲ್ಲಿ ತುಕ್ಕು ಹಕ್ಕಳೆ ಎದ್ದಿದ್ದರೆ ವಾರಕ್ಕೊಮ್ಮೆ ಗಾಳಿ ಇಳಿಯುತ್ತದೆ, ಪಂಕ್ಚರ್ ಅಂಗಡಿಯವರು ಎಷ್ಟು ಹುಡುಕಿದರೂ ತೂತು ಸಿಗುವುದಿಲ್ಲ. ಬ್ಯಾಲೆನ್ಸಿಂಗ್ ಮಿಷಿನ್ ಮೇಲೆ ಖಾಲಿ ರಿಮ್ ತಿರುಗಿಸಿ, ಅಂಚು ಓಲಾಡುತ್ತದಾ ಅಂತ ನೋಡಿಯೇ ದುಡ್ಡು ಕೊಡಿ.

ರಿಮ್ ಕೂರುತ್ತದಾ ಇಲ್ಲವಾ ಅನ್ನುವುದಕ್ಕೆ ನಾಲ್ಕು ವಿಷಯ. ನಟ್ಟುಗಳ ಸಂಖ್ಯೆ ಮತ್ತು ಅವುಗಳ ವೃತ್ತದ ಅಳತೆ, ಅದಕ್ಕೆ ಪಿ.ಸಿ.ಡಿ. ಅಂತಾರೆ. ಸ್ವಿಫ್ಟ್, ಬಲೆನೊಗಳದ್ದು 4 ನಟ್ಟು, 100 ಮಿಲಿಮೀಟರ್. ಬೊಲೆರೊದ್ದು 5 ನಟ್ಟು, 139.7. ಆಮೇಲೆ ರಿಮ್ಮಿನ ನಡುವಿನ ತೂತು, ಅದು ಹಬ್ ಮೇಲೆ, ಅಂದರೆ ಕಾರಿನ ಕಡೆ ಚಕ್ರ ಕೂರುವ ಭಾಗದ ಮೇಲೆ, ಬಿಗಿಯಾಗಿ ಕೂರಬೇಕು, ದೊಡ್ಡದಾದರೆ ಸ್ಪೀಡಿನಲ್ಲಿ ಸ್ಟೇರಿಂಗ್ ನಡುಗುತ್ತದೆ. ಮೂರನೆಯದು ಆಫ್‌ಸೆಟ್, ಚಕ್ರ ಎಷ್ಟು ಒಳಗೆ ಎಷ್ಟು ಹೊರಗೆ ಅನ್ನುವುದು. ನಾಲ್ಕನೆಯದು ನಟ್. ಅಲಾಯ್‌ದು ಸ್ಟೀಲಿಗೆ ಸರಿಯಾಗಿ ಕೂರದ ಕಾರುಗಳೂ ಇವೆ, ನಟ್ಟಿನ ತುದಿಯ ಆಕಾರವೂ ರಿಮ್ಮಿನ ಕುಳಿಯೂ ಹೊಂದಬೇಕು.

ಇಷ್ಟೆಲ್ಲ ತಲೆಬಿಸಿ ಬೇಡ ಅನ್ನುವವರಿಗೆ ಒಂದು ಸುಲಭದ ದಾರಿ ನಿಮ್ಮ ಡಿಕ್ಕಿಯಲ್ಲೇ ಇರಬಹುದು. 15 ಇಂಚಿನ ಅಲಾಯ್ ಇರುವ ಎಷ್ಟೋ ಕಾರುಗಳ ಸ್ಟೆಪ್ನಿ 14 ಇಂಚಿನ ಸ್ಟೀಲ್. ಸಣಕಲು ತಾತ್ಕಾಲಿಕ ಸ್ಟೆಪ್ನಿ ಅಲ್ಲದೆ, ಪೂರ್ತಿ ಸೈಜಿನದ್ದಾಗಿದ್ದರೆ ಅದನ್ನು ತೆಗೆದು ಮುಂದಿನ ಎಡಗಡೆಗೆ ಹಾಕಿ. ಜಾಕ್ ಮೇಲೆ ಇರುವಾಗಲೇ ಕೈಯಲ್ಲಿ ತಿರುಗಿಸಿ, ಬ್ರೇಕಿನ ಕ್ಯಾಲಿಪರಿಗೆ, ಅಂದರೆ ಡಿಸ್ಕನ್ನು ಹಿಡಿಯುವ ಭಾಗಕ್ಕೆ, ರಿಮ್ ಎಲ್ಲೂ ತಾಗಬಾರದು. ಕೆಳಗಿಳಿಸಿ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಎಲ್ಲೂ ಉಜ್ಜದಿದ್ದರೆ ಆ ಸ್ಟೆಪ್ನಿ ರಿಮ್ಮಿನ ಮೇಲಿರುವ ಅಳತೆ ಬರೆದುಕೊಂಡು ಅಂಥವೇ ನಾಲ್ಕು ಹುಡುಕಿ. ಮಳೆಗಾಲದಲ್ಲಿ ಸ್ಟೆಪ್ನಿಯೂ ಅದೇ ಸೈಜಿನದು ಸಿಕ್ಕ ಹಾಗಾಯಿತು. ಚಕ್ರದೊಳಗೆ ಗಾಳಿ ತೋರಿಸುವ ಸೆನ್ಸರ್ ಇರುವ ಕಾರಾದರೆ ಹೊಸ ಸೆಟ್ಟಿಗೂ ಸೆನ್ಸರ್ ಹಾಕಿಸಬೇಕು, ಇಲ್ಲದಿದ್ದರೆ ಮೀಟರಿನಲ್ಲಿ ಹಳದಿ ದೀಪ ನೋಡುತ್ತಲೇ ಇರಬೇಕು.

ಟೈರಿನ ಬಟನ್, ಅಂದರೆ ರಸ್ತೆಗೆ ತಾಗುವ ಕಡೆಯ ಉಬ್ಬುಗಳು, ಹೇಗಿರಬೇಕು? ಸುತ್ತಲೂ ಉದ್ದಕ್ಕೆ ಹೋಗುವ ಮೂರು ನಾಲ್ಕು ಆಳ ಗೆರೆ, ಪಕ್ಕಕ್ಕೆ ನೀರು ದೂಡುವ ಅಡ್ಡ ಗೆರೆ, ಬಟನ್ನುಗಳ ಮೇಲೆ ಬ್ಲೇಡಿನಲ್ಲಿ ಕೊಯ್ದ ಹಾಗೆ ಸಣ್ಣ ಸಣ್ಣ ಸೀಳು. ಒದ್ದೆ ಡಾಂಬರನ್ನು ಕಚ್ಚುವುದು ಆ ಸೀಳುಗಳೇ. ಜೀಪಿನವರಿಗೆ ಇನ್ನೊಂದು ಮಾತು. ದೊಡ್ಡ ದೊಡ್ಡ ಬಟನ್ನಿನ ಎಂ.ಟಿ. (ಮಡ್ ಟೆರೇನ್) ಟೈರು ಕೆಸರಿಗೆ ರಾಜ, ಒದ್ದೆ ಡಾಂಬರಿಗೆ ಕಳಪೆ. ತೋಟದೊಳಗೇ ಓಡುವ ಜೀಪಿಗೆ ಹಾಕಿ, ಘಾಟಿ ಇಳಿಯುವ ಗಾಡಿಗೆ ಬೇಡ. ಮನೆಯ ಕೆಸರು ದಾರಿಯೂ ಇದೆ, ಶಿವಮೊಗ್ಗಕ್ಕೂ ಹೋಗಬೇಕು ಅಂದರೆ ಎರಡಕ್ಕೂ ನಡೆಯುವ ಎ.ಟಿ. (ಆಲ್ ಟೆರೇನ್) ಸರಿ. ಪಾಚಿ ಹಿಡಿದ ಸಿಮೆಂಟ್ ಏರಿಗೆ ಮಾತ್ರ ಯಾವ ಟೈರೂ ಇಲ್ಲ, ಅದಕ್ಕೆ ಪೊರಕೆ ಮತ್ತು ಬ್ಲೀಚಿಂಗ್ ಪೌಡರ್.

ವಿದೇಶದಿಂದ ಬಂದ ಹಳೆಯ ಸ್ನೋ ಟೈರ್ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಕೈ ಮುಗಿಯಿರಿ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹೂವು ಇರುವ ಗುರುತು ಇದ್ದರೆ ಅದು ಹಿಮದಲ್ಲಿ ಪರೀಕ್ಷೆ ಮಾಡಿದ ಟೈರು. ಪೂರ್ತಿ ಚಳಿಗಾಲದ್ದೇ ಆದರೆ ಅದರ ರಬ್ಬರು 7 ಡಿಗ್ರಿಗಿಂತ ಕೆಳಗಿನ ಚಳಿಗೆ ಮಾಡಿದ್ದು, ನಮ್ಮ ಹವೆಗೆ ಮೆತ್ತಗಾಗಿ ಶಾಲೆ ಮಕ್ಕಳ ರಬ್ಬರಿನ ಹಾಗೆ ಸವೆಯುತ್ತದೆ.

ಟೈರಿನ ವಯಸ್ಸು ನೋಡದೆ ಬಿಲ್ ಮಾಡಿಸಬೇಡಿ. ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ, 2324 ಅಂದರೆ 2024ರ 23ನೇ ವಾರದಲ್ಲಿ ಮಾಡಿದ್ದು. ವರ್ಷಗಟ್ಟಲೆ ಮೂಲೆಯಲ್ಲಿ ಕೂತ ಟೈರಿಗೆ ಬಟನ್ ಪೂರ್ತಿ ಇದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಒದ್ದೆಯಲ್ಲಿ ಅದು ಬೋಳು ಟೈರಿಗೆ ಸಮ. ಕಾನೂನು 1.6 ಮಿಲಿಮೀಟರ್ ಬಟನ್ ಇದ್ದರೆ ಸಾಕು ಅನ್ನುತ್ತದೆ, ಗೆರೆಯೊಳಗಿನ ಸಣ್ಣ ದಿಬ್ಬ ಬಟನ್ ಮಟ್ಟಕ್ಕೆ ಬಂದರೆ ಅಲ್ಲಿಗೆ ತಲುಪಿತು ಅಂತ ಲೆಕ್ಕ. ಆಗುಂಬೆಯ 14 ತಿರುವು ಇಳಿಯುವ ಕಾರಿಗೆ 3 ಮಿಲಿಮೀಟರ್ ಆಗುವಾಗಲೇ ಬದಲಿಸಿ.

ಮಳೆಗಾಲದಲ್ಲಿ ಗಾಳಿ ಕಮ್ಮಿ ಮಾಡಿದರೆ ಹಿಡಿತ ಜಾಸ್ತಿ ಅಂತ ಒಂದು ನಂಬಿಕೆ ಇದೆ. ಕೆಸರಲ್ಲಿ ಹೂತಾಗ ನಿಜ. ಡಾಂಬರಿನಲ್ಲಿ ಗಾಳಿ ಕಮ್ಮಿ ಇದ್ದಷ್ಟೂ ಟೈರು ನೀರಿನ ಮೇಲೆ ಬೇಗ ತೇಲುತ್ತದೆ. ಸ್ಟಿಕ್ಕರಿನಲ್ಲಿ ಬರೆದಷ್ಟೇ ಇರಲಿ.

ಮೃಗಶಿರ ಮಳೆ ಹಿಡಿಯುವ ಮೊದಲು, ಅಂದರೆ ಜೂನ್ ಮೊದಲ ವಾರದೊಳಗೆ ಹಾಕಿ, ದೀಪಾವಳಿ ಕಳೆದ ಮೇಲೆ ಬಿಚ್ಚಿ. ರಿಮ್ ಸಮೇತ ಇರುವುದರಿಂದ ಮನೆಯಂಗಳದಲ್ಲೇ ಒಂದು ಗಂಟೆಯ ಕೆಲಸ, ಟೈರ್ ಬಿಚ್ಚಿ ಹಾಕಿ ಅಂಚು ಹಾಳಾಗುವುದೂ ಇಲ್ಲ. ಹಬ್ ಮೇಲಿನ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿಮಾಡಿ, ಐವತ್ತು ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಪಾನಾ ಹಾಕಿ ನೋಡಿ. ಬಿಚ್ಚಿದ ಸೆಟ್ಟಿನ ಮೇಲೆ ಯಾವುದು ಎಲ್ಲಿತ್ತು ಅಂತ ಸೀಮೆಸುಣ್ಣದಲ್ಲಿ ಬರೆದು, ತೊಳೆದು ಒಣಗಿಸಿ, ಬಿಸಿಲು ಬೀಳದ ಕಡೆ ಒಂದರ ಮೇಲೊಂದು ಮಲಗಿಸಿಡಿ. ಅಡಿಕೆ ಬೇಯಿಸುವ ಒಲೆಯ ಹತ್ತಿರ ಬೇಡ, ಮೋಟರ್ ಪಕ್ಕ ಬೇಡ. ತೋಟಕ್ಕೆ ಹೊಡೆಯುವ ಮೈಲುತುತ್ತದ ಡ್ರಮ್ ಇರುವ ಕೋಣೆಯಂತೂ ಬೇಡವೇ ಬೇಡ. ಅದರಲ್ಲಿರುವ ತಾಮ್ರ ರಬ್ಬರಿಗೂ ಆಗದು, ಕಬ್ಬಿಣವನ್ನೂ ತಿನ್ನುತ್ತದೆ. ನನ್ನ ಮೊದಲ ಸೆಟ್ಟಿನ ಎರಡು ರಿಮ್ ಹೀಗೇ ಹೋದವು. ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಬೋರ್ಡೋ ಕಲಸುವಾಗ ಚೆಲ್ಲಿದ್ದನ್ನು ಯಾರೂ ಗಮನಿಸಿರಲಿಲ್ಲ, ಮುಂದಿನ ಜೂನ್‌ನಲ್ಲಿ ತೆಗೆದಾಗ ಅಂಚೆಲ್ಲ ಕೆಂಪು ಪುಡಿ.