ಚನ್ನಪಟ್ಟಣದ ಗೊಂಬೆ ಊರಾಚೆ ಮಾರಬೇಕೆ? ಮೊದಲು ಮಾಡಿಸಬೇಕಾದ ಕಾಗದ, ಆಮೇಲಿನ ಕೆಲಸ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಹಳೇ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ, ಮಗುವಿನ ಹಟಕ್ಕೆ ಒಂದು ಮರಗುದುರೆ ಕೊಂಡು ಹೋಗುತ್ತಿದ್ದ ಗಿರಾಕಿ ಅಲ್ಲಿಂದಾಚೆಗೆ ಬೈಪಾಸಿನ ಮೇಲೇ ಹಾದುಹೋಗುತ್ತಿದ್ದಾನೆ. ಊರಿಗೆ ತಿರುಗಲು ಫಲಕ ಹಾಕಿ, ಇನ್ನೊಂದು ಎಗ್ಸಿಟ್ ಕೊಡಿ ಎಂದು ಕೇಳುವುದು ಸರಿಯೇ. ಆದರೆ ಅದು ಆಗುವವರೆಗೆ ಕೂತರೆ ಹೊಟ್ಟೆ ತುಂಬುವುದಿಲ್ಲ. ಸರಕೇ ಗಿರಾಕಿ ಇರುವಲ್ಲಿಗೆ ಹೋಗಬೇಕು. ರಸ್ತೆ ಬದಿಯ ಗಿರಾಕಿ ಯಾವ ಕಾಗದವನ್ನೂ ಕೇಳುತ್ತಿರಲಿಲ್ಲ. ಬೆಂಗಳೂರಿನ ಮಾಲ್, ಶಾಲೆ, ಆನ್‌ಲೈನ್ ಕಂಪನಿ ಮೊದಲು ಕೇಳುವುದೇ ಅದನ್ನು. ಬಹುತೇಕ ಕಾಗದಗಳಿಗೆ ಖರ್ಚು ಇಲ್ಲ, ಇದ್ದರೂ ಅಲ್ಪ. ಕೆಡುವುದು ಕ್ರಮ ತಪ್ಪಿದಾಗ.

ಮೊದಲು ಹೆಸರು ಸರಿಮಾಡಿಕೊಳ್ಳಿ

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಪಡಿತರ ಚೀಟಿ ನಾಲ್ಕರಲ್ಲೂ ಹೆಸರಿನ ಸ್ಪೆಲಿಂಗ್ ಒಂದೇ ಇರಬೇಕು. ಒಂದರಲ್ಲಿ ಮಹಮ್ಮದ್, ಇನ್ನೊಂದರಲ್ಲಿ ಮೊಹಮದ್ ಎಂದಿದ್ದರೆ ಅರ್ಜಿ ತಿಂಗಳುಗಟ್ಟಲೆ ಅಲ್ಲೇ ಕೊಳೆಯುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ನಿಮ್ಮ ಕೈಯಲ್ಲೇ ಇರಲಿ, ಮಗನ ಹಳೇ ಸಿಮ್ ಆಗಿರಬಾರದು. ಓಟಿಪಿ ಬರುವುದು ಅದಕ್ಕೇ. ಜಿಲ್ಲೆಯ ಹೆಸರು ಈಗ ಬೆಂಗಳೂರು ದಕ್ಷಿಣ. ಪೋರ್ಟಲ್‌ನ ಪಟ್ಟಿಯಲ್ಲಿ ಇನ್ನೂ ರಾಮನಗರ ಎಂದಿದ್ದರೆ ಅದನ್ನೇ ಆರಿಸಿ, ಎಲ್ಲ ಅರ್ಜಿಯಲ್ಲೂ ಒಂದೇ ವಿಳಾಸ ಬರೆಯಿರಿ.

ಸಾಲಕ್ಕೆ ಮುಂಚೆ ವಿಶ್ವಕರ್ಮ

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಸಾಂಪ್ರದಾಯಿಕ ಗೊಂಬೆ ತಯಾರಿಕೆಯೂ ಒಂದು. ಐದರಿಂದ ಏಳು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿಯ ಇ-ವೋಚರ್ ಸಿಗುತ್ತದೆ. ಆಮೇಲೆ ಅಡಮಾನವಿಲ್ಲದೆ ಮೊದಲ ಕಂತಿನಲ್ಲಿ 1 ಲಕ್ಷ (18 ತಿಂಗಳು), ಎರಡನೆಯದರಲ್ಲಿ 2 ಲಕ್ಷ (30 ತಿಂಗಳು) ಸಾಲ. ನೀವು ಕಟ್ಟುವ ಬಡ್ಡಿ ಶೇ 5. ಸಾಮಾನ್ಯ ಸೇವಾ ಕೇಂದ್ರದಲ್ಲಿ ಹೆಬ್ಬೆಟ್ಟು ಕೊಟ್ಟು ಅರ್ಜಿ ಹಾಕಬೇಕು. ನೋಂದಣಿ ತೆರೆದಿದೆಯೇ ಎಂದು ಅಲ್ಲೇ ವಿಚಾರಿಸಿಕೊಳ್ಳಿ.

ಎಡವುವ ಜಾಗ ಮೂರು. ಮನೆಗೆ ಒಬ್ಬರಿಗೆ ಮಾತ್ರ: ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದೇ ಕುಟುಂಬ. ಮನೆಯಲ್ಲಿ ಸರ್ಕಾರಿ ನೌಕರರಿದ್ದರೆ ಆಗುವುದಿಲ್ಲ. ಕೊನೆಯದೇ ಎಲ್ಲರನ್ನೂ ಕಾಡುವುದು: ಕಳೆದ ಐದು ವರ್ಷದಲ್ಲಿ ಸ್ವಂತ ಉದ್ದಿಮೆಗೆಂದು ಪಿಎಂಇಜಿಪಿಯಂಥ ಸರ್ಕಾರಿ ಯೋಜನೆಯ ಸಾಲ ತೆಗೆದಿದ್ದರೆ ಅರ್ಹತೆ ಹೋಗುತ್ತದೆ. ಮುದ್ರಾ, ಸ್ವನಿಧಿ ಸಾಲಗಳನ್ನು ಪೂರ್ತಿ ತೀರಿಸಿದ್ದರೆ ತೊಂದರೆಯಿಲ್ಲ. ಆದ್ದರಿಂದ ಯಾವುದೇ ಸಾಲಕ್ಕೆ ಸಹಿ ಹಾಕುವ ಮುನ್ನ ಇದನ್ನು ನೋಡಿ. ಅರ್ಜಿಯಲ್ಲಿ ಬಡಗಿ ಎಂದು ಕ್ಲಿಕ್ ಮಾಡಬೇಡಿ, ಅದು ಬೇರೆಯೇ ಕಸುಬು. ಉಪಕರಣವೂ ತರಬೇತಿಯೂ ಅದಕ್ಕೆ ತಕ್ಕಂತೆಯೇ ಬರುತ್ತವೆ.

ಪಟ್ಟಣದವರ ಅರ್ಜಿಗೆ ಮೊದಲ ಪರಿಶೀಲನೆ ನಗರಸಭೆಯದು. ಆಮೇಲೆ ಜಿಲ್ಲಾ ಸಮಿತಿ, ಕೊನೆಗೆ ಸ್ಕ್ರೀನಿಂಗ್ ಸಮಿತಿ. ನಗರಸಭೆ ಊರಿನ ಆರ್ಥಿಕತೆಗೆ ಮಾಡಬಹುದಾದ ಅತಿ ಅಗ್ಗದ ಕೆಲಸ ಇದೇ: ಬಾಕಿ ಬಿದ್ದ ಅರ್ಜಿಗಳನ್ನು ವಾರಕ್ಕೊಮ್ಮೆ ತೆಗೆದು ಮುಂದೆ ಕಳಿಸುವುದು. ಹೊಸ ಭವನಕ್ಕಿಂತ ಇದು ಉಪಯೋಗ.

ಗುರುತಿನ ಚೀಟಿ, ಜಿಐ, ಉದ್ಯಮ್

ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಪೆಹಚಾನ್ ಕಾರ್ಡ್ ಮಾಡಿಸಿ. ಇದು ಗೊಂಬೆ ತಿರುವುವವರಿಗೆ, ಬಣ್ಣ ಹಾಕುವವರಿಗೆ ಪ್ರತ್ಯೇಕವಾಗಿ ಬೇಕು. ಯಜಮಾನನ ಕಾರ್ಡ್ ಕೆಲಸಗಾರನಿಗೆ ಆಗಿಬರುವುದಿಲ್ಲ. ಮೇಳಗಳಲ್ಲಿ ಮಳಿಗೆ ಕೇಳುವಾಗ ಮೊದಲು ನೋಡುವುದು ಇದನ್ನೇ.

ಚನ್ನಪಟ್ಟಣದ ಗೊಂಬೆಗೆ ಜಿಐ (ಊರಿನ ಹೆಸರಿಗೆ ಕಾನೂನು ರಕ್ಷಣೆ ಕೊಡುವ ಭೌಗೋಳಿಕ ಸೂಚಕ) ಮಾನ್ಯತೆ ಇದೆ, ಸರಿ. ಹಾಗಂತ ಊರಿನಲ್ಲಿ ಹುಟ್ಟಿದವರೆಲ್ಲ ಆ ಹೆಸರನ್ನು ಲೇಬಲ್ ಮೇಲೆ ಹಾಕಬಹುದು ಎಂದಲ್ಲ. ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ಹೆಸರು ಬರೆಸಬೇಕು. ಅರ್ಜಿ ನಮೂನೆ ಜಿಐ-3. ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದ್ದಾರೆ. ನೀವು ಏನು ಮಾಡುತ್ತೀರಿ, ಯಾವ ಮರ, ಯಾವ ಬಣ್ಣ, ಎಷ್ಟು ವರ್ಷದಿಂದ ಎಂಬ ಹೇಳಿಕೆಯೊಂದಿಗೆ, ಜಿಐ ಯಾರ ಹೆಸರಿನಲ್ಲಿದೆಯೋ ಆ ನೋಂದಾಯಿತ ಮಾಲೀಕ ಸಂಸ್ಥೆಗೂ ಒಂದು ಪ್ರತಿ ಹೋಗಬೇಕು. ಹತ್ತು ಇಪ್ಪತ್ತು ಜನ ಒಟ್ಟಿಗೆ ಅರ್ಜಿ ಕಟ್ಟಿ ಕಳಿಸಿದರೆ ಓಡಾಟ ಉಳಿಯುತ್ತದೆ.

ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಆಧಾರ್‌ನಿಂದ ಹತ್ತು ನಿಮಿಷದ ಕೆಲಸ, ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ನಗರಸಭೆಯ ಉದ್ದಿಮೆ ಪರವಾನಗಿಯನ್ನು ಪ್ರತಿ ವರ್ಷ ನವೀಕರಿಸಿ, ಬ್ಯಾಂಕಿನವರು ಕೇಳುತ್ತಾರೆ.

ಐಎಸ್‌ಐ ಗುರುತು ಬೇಕೆ?

ಗೊಂದಲ ಹೆಚ್ಚಿರುವುದು ಇಲ್ಲಿ. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. 14 ವರ್ಷದೊಳಗಿನ ಮಕ್ಕಳು ಆಡುವ ವಸ್ತುವೆಲ್ಲ ಇದರೊಳಗೆ ಬರುತ್ತದೆ. ಕುಶಲಕರ್ಮಿಗಳಿಗೆ ಎರಡು ವಿನಾಯಿತಿ ಇವೆ: ಆಯುಕ್ತರ ಕಚೇರಿಯಲ್ಲಿ ನೋಂದಾಯಿತ ಕರಕುಶಲಕರ್ಮಿ ತಾನೇ ತಯಾರಿಸಿ ಮಾರುವ ಸರಕಿಗೆ; ಜಿಐ ವಸ್ತುವಿನ ನೋಂದಾಯಿತ ಮಾಲೀಕ ಮತ್ತು ಅಧಿಕೃತ ಬಳಕೆದಾರ ತಯಾರಿಸಿ ಮಾರುವ ಸರಕಿಗೆ. ಪೆಹಚಾನ್, ಜಿಐ-3 ಎರಡನ್ನೂ ಮೊದಲೇ ಮಾಡಿಸಿ ಎಂದದ್ದು ಇದಕ್ಕೇ. ಕಾರ್ಡ್ ಇಲ್ಲದೆ ಕೆಲಸಗಾರರನ್ನಿಟ್ಟು ಕಾರ್ಖಾನೆ ನಡೆಸುವವರಿಗೆ ವಿನಾಯಿತಿ ಇಲ್ಲ. ಅವರು ಐಎಸ್‌ಐ ಗುರುತು ಕೊಡುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪರವಾನಗಿ ಪಡೆಯಬೇಕು. 2023ರ ಆರಂಭದಲ್ಲಿ ಮಾಲ್‌ಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಗುರುತಿಲ್ಲದ ಆಟಿಕೆಗಳನ್ನು ವಶಪಡಿಸಿಕೊಂಡ ಮೇಲೆ ದೊಡ್ಡ ಅಂಗಡಿಗಳು ಕಾಗದ ನೋಡದೆ ಸರಕು ಇಳಿಸಿಕೊಳ್ಳುವುದಿಲ್ಲ. ಪ್ರತಿ ಬಿಲ್ಲಿನ ಜೊತೆ ಜಿಐ ಪ್ರಮಾಣಪತ್ರದ ಜೆರಾಕ್ಸ್ ಇಡಿ.

ವಿನಾಯಿತಿ ಗುರುತಿಗೆ ಮಾತ್ರ, ಮಗುವಿನ ಗಂಟಲಿಗಲ್ಲ. ಆಟಿಕೆ ಸುರಕ್ಷತೆಯ ಮಾನಕದ ಅಳತೆಗಳನ್ನು ಲೇತ್ (ಮರ ತಿರುವುವ ಯಂತ್ರ) ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ಒಂದು ಮರದ ತುಂಡಿಗೆ ಸರಿಯಾಗಿ 31.7 ಮಿ.ಮೀ. ವ್ಯಾಸದ ತೂತು ಕೊರೆಯಿರಿ; ಆಳ ಒಂದು ಕಡೆ 25.4, ಎದುರು ಕಡೆ 57.1 ಮಿ.ಮೀ. ಬರುವಂತೆ ತಳ ಓರೆಯಾಗಿರಲಿ. ಮೂರು ವರ್ಷದೊಳಗಿನ ಮಕ್ಕಳ ಗೊಂಬೆಯ ಯಾವ ಬಿಡಿಭಾಗವೂ (ಚಕ್ರ, ಮಣಿ, ಟೊಪ್ಪಿಗೆ, ಉದುರಿ ಬರಬಹುದಾದ ಗೂಟ) ಈ ತೂತಿನೊಳಗೆ ಯಾವ ದಿಕ್ಕಿನಿಂದಲೂ ಪೂರ್ತಿ ಇಳಿಯಬಾರದು. ಇಳಿದರೆ ಅದರ ಗಾತ್ರ ಹೆಚ್ಚಿಸಿ, ಇಲ್ಲವೇ ಆ ಗೊಂಬೆಯನ್ನು ದೊಡ್ಡ ಮಕ್ಕಳದೆಂದು ಬೇರೆ ಮಾಡಿ. ಬಣ್ಣದಿಂದ ಕರಗಿ ಬರುವ ಸೀಸದ ಮಿತಿ ಕೆ.ಜಿ.ಗೆ 90 ಮಿ.ಗ್ರಾಂ. ಅರಿಶಿನ, ನೀಲಿ, ಕಾಚಿನಂಥ ಸಸ್ಯಬಣ್ಣ ಬೆರೆಸಿ ಗೊಂಬೆಗೆ ಬಳಿಯುವ ಅರಗಿನಲ್ಲಿ ಈ ಹೆದರಿಕೆ ಕಡಿಮೆ. ಪೇಟೆಯಲ್ಲಿ ಬಿಡಿಯಾಗಿ ಸಿಗುವ ಹಳದಿ, ಕಿತ್ತಳೆ ಪುಡಿಗಳ ಮೇಲೆ ಕಣ್ಣಿರಲಿ. ಪೂರೈಸುವವರಿಂದ ಪರೀಕ್ಷಾ ವರದಿ ಕೇಳಿ ಪಡೆಯಿರಿ.

ವಾಪಸ್ ಬರುವ ಸರಕು

ದೂರದ ಗಿರಾಕಿ ಹಿಂದಿರುಗಿಸುವ ಗೊಂಬೆಗಳಲ್ಲಿ ದೋಷ ಹೆಚ್ಚಾಗಿ ಮರದ್ದು. ಇಲ್ಲಿನ ಗೊಂಬೆಗೆ ಬಳಸುವ ಆಲೆ ಮರ ಮೆತ್ತಗೆ, ಬೆಳ್ಳಗೆ, ಎಳೆ ನಯ. ಆದರೆ ಹಸಿಯಾಗಿ ತಿರುವಿದರೆ ಡೆಲ್ಲಿಯ ಒಣಹವೆಗೆ ಹೋದ ಮೇಲೆ ಕುಗ್ಗಿ ಬಿರುಕು ಬಿಡುತ್ತದೆ, ಅರಗು ಚಕ್ಕೆ ಏಳುತ್ತದೆ. ತೊಗಟೆ ತೆಗೆದ ದಿಮ್ಮಿಯನ್ನು ನೆರಳಿನಲ್ಲಿ, ಗಾಳಿಯಾಡುವಂತೆ ಅಡ್ಡಡ್ಡ ಪೇರಿಸಿ ತಿಂಗಳುಗಟ್ಟಲೆ ಒಣಗಿಸಬೇಕು. ಬಿಸಿಲಿಗಿಟ್ಟರೆ ತುದಿ ಸೀಳುತ್ತದೆ. ಕೊನೆಗಳಿಗೆ ಮೇಣವನ್ನೋ ಹಳೇ ಪೇಂಟನ್ನೋ ಬಳಿಯಿರಿ. ಒಣಗಿತೇ ಎಂದು ತಿಳಿಯಲು ಒಂದು ತುಂಡು ತೂಗಿ, ವಾರ ಬಿಟ್ಟು ಮತ್ತೆ ತೂಗಿ; ತೂಕ ನಿಂತರೆ ಸಿದ್ಧ.

ಅರಗಿನ ಕಡ್ಡಿಯನ್ನು ತಿರುಗುವ ಗೊಂಬೆಗೆ ಒತ್ತಿದಾಗ ಉಜ್ಜುವಿಕೆಯ ಶಾಖಕ್ಕೇ ಅದು ಕರಗಿ ಹಿಡಿಯಬೇಕು. ಲೇತ್ ನಿಧಾನವಾದರೆ ಅರಗು ಗಂಟುಗಂಟಾಗಿ ಕೂರುತ್ತದೆ. ತೀರಾ ಅದುಮಿದರೆ ಸುಟ್ಟು ಕಪ್ಪು ಗೆರೆ. ಆಮೇಲೆ ಒಣಗಿದ ಕೇದಗೆ ಗರಿಯನ್ನು ಮಡಿಸಿ ಒತ್ತಿ ಎಳೆದರೆ ಅರಗು ಹರಡಿ ಹೊಳಪು ಬರುತ್ತದೆ. ಮರಳುಕಾಗದದ ಪುಡಿ ಮೇಲ್ಮೈಯಲ್ಲಿ ಉಳಿದಿದ್ದರೆ ಯಾವ ಗರಿಯೂ ಅದನ್ನು ಮುಚ್ಚದು.

ಬೆಲೆ ಮತ್ತು ತೆರಿಗೆ

ಅಂಗಡಿಯವರು ಎಂಆರ್‌ಪಿಯಲ್ಲಿ ಶೇ 40–50 ತಮಗಿಟ್ಟುಕೊಳ್ಳುತ್ತಾರೆ ಎಂದುಕೊಂಡೇ ಲೆಕ್ಕ ಹಾಕಿ. ಲೆಕ್ಕದ ಮಾದರಿಗೆ: ಮರ, ಅರಗು, ಕರೆಂಟಿಗೆ 30, ಕೂಲಿ 50 (ನಿಮ್ಮ ಸ್ವಂತ ಕೂಲಿಯೂ ಸೇರಿ), ಡಬ್ಬಿ 12, ಹಾಳಾದ ಪೀಸಿಗೆ 8, ಬಾಡಿಗೆ ಓಡಾಟಕ್ಕೆ 15. ಒಟ್ಟು 115. ಅದರ ಮೇಲೆ 25 ಲಾಭ ಇಟ್ಟರೆ ನಿಮ್ಮ ಸಗಟು ದರ 140. ಎಂಆರ್‌ಪಿ 280ರ ಸುತ್ತ. ಮನೆಯವರ ದುಡಿಮೆಯನ್ನು ಪುಕ್ಕಟೆ ಎಂದು ಬಿಟ್ಟುಬಿಟ್ಟರೆ ದೊಡ್ಡ ಆರ್ಡರ್ ಬಂದಷ್ಟೂ ನಷ್ಟ ದೊಡ್ಡದಾಗುತ್ತದೆ. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಒಳಗಿರುವ ಪೀಸುಗಳ ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ, ಎಂಆರ್‌ಪಿ, ದೂರಿಗೆ ಫೋನ್ ನಂಬರ್ ಇರಲಿ.

ಜಿಎಸ್‌ಟಿ ನಿಯಮದ ಕರಕುಶಲ ಪಟ್ಟಿಯಲ್ಲಿ ಚನ್ನಪಟ್ಟಣದ ಗೊಂಬೆಯ ಹೆಸರೇ ಇದೆ. 2025ರ ಸೆಪ್ಟೆಂಬರ್ 22ರಿಂದ ದರ ಶೇ 5, ಅದಕ್ಕೆ ಮುಂಚೆ ಶೇ 12 ಇತ್ತು. ರಾಜ್ಯದೊಳಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ. ಹೊರರಾಜ್ಯಕ್ಕೆ ನೇರವಾಗಿ ಕಳಿಸಿದರೂ ಕರಕುಶಲ ವಸ್ತುವಿಗೆ 20 ಲಕ್ಷದವರೆಗೆ ವಿನಾಯಿತಿ ಇದೆ, ಆದರೆ ಪ್ಯಾನ್ ಬೇಕು, ಮೊತ್ತ ಎಷ್ಟೇ ಇರಲಿ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನಿನಲ್ಲಿ ಪಡೆಯುವ ರಹದಾರಿ) ಮಾಡಲೇಬೇಕು. ದೊಡ್ಡ ಆನ್‌ಲೈನ್ ಕಂಪನಿಗಳ ಮೂಲಕ ಹೊರರಾಜ್ಯಕ್ಕೆ ಮಾರಬೇಕಾದರೆ ನೋಂದಣಿ ತಪ್ಪುವುದಿಲ್ಲ.

ಎಲ್ಲಿ ಮಾರುವುದು

ಕಾವೇರಿ ಎಂಪೋರಿಯಂ, ಮೈಸೂರು ದಸರಾ ವಸ್ತುಪ್ರದರ್ಶನ, ಕೇಂದ್ರದ ಗಾಂಧಿ ಶಿಲ್ಪ ಬಜಾರ್, ಇಂಡಿಯಾ ಹ್ಯಾಂಡ್‌ಮೇಡ್ ಪೋರ್ಟಲ್. ರೈಲ್ವೆಯ ‘ಒಂದು ನಿಲ್ದಾಣ ಒಂದು ಉತ್ಪನ್ನ’ ಮಳಿಗೆ ಸರದಿಯ ಮೇಲೆ ಸಿಗುತ್ತದೆ, ಅದಕ್ಕೂ ಪೆಹಚಾನ್ ನಡೆಯುತ್ತದೆ. ಆದರೆ ಶಾಲೆ, ಅಂಗನವಾಡಿಗಳೇ ಸ್ಥಿರ ಗಿರಾಕಿ ಎಂಬುದು ನಮ್ಮ ಅಭಿಪ್ರಾಯ: ಎಣಿಕೆ ಮಣಿ, ಬಳೆ ಜೋಡಿಸುವ ಗೋಪುರ, ಪೋಣಿಸುವ ಆಟಿಕೆ ಒಂದೇ ಅಳತೆಯಲ್ಲಿ ನೂರಾರು ಬೇಕಾಗುತ್ತವೆ. ಅಲ್ಲಿ ಕೈಚಳಕಕ್ಕಿಂತ ಅಳತೆ ಮುಖ್ಯ. ತಗಡಿನಲ್ಲಿ ಟೆಂಪ್ಲೇಟ್ ಕತ್ತರಿಸಿಟ್ಟುಕೊಂಡು ಪ್ರತಿ ಹತ್ತನೇ ಪೀಸನ್ನು ಅದಕ್ಕೆ ಹಿಡಿದು ನೋಡಿ.

ನವರಾತ್ರಿಗೆ ಗೊಂಬೆ ಕೂರಿಸುವವರ ಬೇಡಿಕೆ ಸೆಪ್ಟೆಂಬರ್–ಅಕ್ಟೋಬರಿನದಾದರೂ ಬೆಂಗಳೂರಿನ ಅಂಗಡಿಗಳು ಮಾದರಿ ಕೇಳುವುದು ಜೂನ್–ಜುಲೈನಲ್ಲಿ. ಮಳೆಗಾಲದಲ್ಲಿ ಮರ ಒಣಗುವುದಿಲ್ಲ. ಆದ್ದರಿಂದ ದಸರೆಯ ದಿಮ್ಮಿ ಫೆಬ್ರುವರಿ ಒಳಗೆ ಅಟ್ಟದ ಮೇಲೆ ಇರಬೇಕು.