ಸ್ಲೆಡ್ ಹೆಣ್ಣುಮಕ್ಕಳಿಗೆ, ಸ್ಕೀ ಗಂಡುಮಕ್ಕಳಿಗೆ: ಹೈರಾಕ್ಸ್ ಮಿಶ್ರ ರಿಲೇಯಲ್ಲಿ ನನ್ನ ಅನುಭವ

ಹೈರಾಕ್ಸ್ ಎಂದರೆ ಎಂಟು ಸಲ ಒಂದೊಂದು ಕಿಲೋಮೀಟರ್ ಓಡಿ, ಪ್ರತಿ ಓಟದ ಬಳಿಕ ಒಂದೊಂದು ಸ್ಟೇಷನ್, ಅಂದರೆ ಒಂದು ನಿಗದಿತ ವ್ಯಾಯಾಮ, ಮುಗಿಸುವ ಸ್ಪರ್ಧೆ; ಮಿಶ್ರ ರಿಲೇಯಲ್ಲಿ ಇಬ್ಬರು ಗಂಡಸರು, ಇಬ್ಬರು ಹೆಂಗಸರು ಇದನ್ನು ಹಂಚಿಕೊಳ್ಳುತ್ತಾರೆ. ಇದಕ್ಕೆ ತಂಡ ಕಟ್ಟುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ: ಭಾರವಾದದ್ದನ್ನೆಲ್ಲ ಗಂಡಸರಿಗೆ ಕೊಟ್ಟು, ಉಳಿದದ್ದನ್ನು ಹೆಂಗಸರಿಗೆ ಹಂಚುವುದು. 2025ರ ಜುಲೈನಲ್ಲಿ ದೆಹಲಿಯ ದ್ವಾರಕಾದ ಯಶೋಭೂಮಿಯಲ್ಲಿ ನಾನು ತಯಾರು ಮಾಡಿದ ನಮ್ಮ ಹುಬ್ಬಳ್ಳಿಯ ನಾಲ್ವರು ಇದಕ್ಕೆ ತದ್ವಿರುದ್ಧವಾದ ಹಂಚಿಕೆಯಲ್ಲಿ ಓಡಿ, 1 ಗಂಟೆ 13 ನಿಮಿಷದ ಆಸುಪಾಸಿನಲ್ಲಿ ಮುಗಿಸಿದರು. ಅದೇ ನಾಲ್ವರನ್ನು ಹಳೆಯ ಹಂಚಿಕೆಯಲ್ಲಿ ಅಭ್ಯಾಸಕ್ಕೆ ಓಡಿಸಿದಾಗ ಎಂದೂ 1 ಗಂಟೆ 17 ನಿಮಿಷಕ್ಕಿಂತ ಕೆಳಗೆ ಇಳಿದಿರಲಿಲ್ಲ. ಈ ಹಂಚಿಕೆ ನಡೆಯುವುದಿಲ್ಲವೆಂದು ಹೇಳಿದ ಟ್ರೇನರ್ ಮಿತ್ರರು ಈಗ ಲೆಕ್ಕ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಯೋಚನೆಯ ಮೂಲ ಹೈರಾಕ್ಸ್‌ನಲ್ಲಿಲ್ಲ. 2014ರಲ್ಲಿ ಅಮೆರಿಕದಲ್ಲಿ ಎಂಟು ತಂಡಗಳೊಂದಿಗೆ ನಡೆದ ನ್ಯಾಷನಲ್ ಪ್ರೋ ಗ್ರಿಡ್ ಲೀಗ್ ಎಂಬ ಮಿಶ್ರ ತಂಡಗಳ ಫಿಟ್ನೆಸ್ ಪಂದ್ಯಾವಳಿಯನ್ನು ನಮ್ಮಲ್ಲಿ ಕೆಲವರಾದರೂ ನೋಡಿರುತ್ತಾರೆ. ಪ್ರತಿ ತಂಡದಲ್ಲಿ 7 ಗಂಡಸರು, 7 ಹೆಂಗಸರು. ಎರಡೂ ಕಡೆ ಕನಿಷ್ಠ ಒಬ್ಬೊಬ್ಬರು 40 ದಾಟಿದವರು. ಒಂದು ಪಂದ್ಯಕ್ಕೆ 11 ರೇಸ್‌ಗಳು. ರೇಸಿನ ನಡುವೆಯೇ ಆಟಗಾರರನ್ನು ಬದಲಿಸುವ ಅವಕಾಶ. ಆ ವರ್ಷ ಗೆದ್ದದ್ದು ಡಿಸಿ ಬ್ರಾಲರ್ಸ್. ಲೀಗ್ ಕೆಲವೇ ವರ್ಷಗಳಲ್ಲಿ ನಿಂತುಹೋಯಿತಾದರೂ ಅದರ ಪಂದ್ಯಗಳು ನನಗೆ ಕಲಿಸಿದ ಪಾಠ ಉಳಿದುಕೊಂಡಿತು: ಮಿಶ್ರ ತಂಡದಲ್ಲಿ ಅತಿ ಬಲಶಾಲಿ ಯಾರೆಂದು ಹುಡುಕುವುದಕ್ಕಿಂತ, ಯಾವ ಕೆಲಸದಲ್ಲಿ ಯಾರನ್ನು ನಿಲ್ಲಿಸಿದರೆ ತಂಡಕ್ಕೆ ಆಗುವ ನಷ್ಟ ಕಡಿಮೆ ಎಂದು ಹುಡುಕಬೇಕು.

ಇದನ್ನು ರಿಲೇಗೆ ಹೊಂದಿಸುವುದು ಕಷ್ಟವಲ್ಲ. ತಲಾ ಎರಡು ಕಿಲೋಮೀಟರ್ ಓಟ, ತಲಾ ಎರಡು ಸ್ಟೇಷನ್. ಯಾರು ಯಾವುದನ್ನು ಮಾಡಬೇಕೆಂಬುದು ತಂಡದ ನಿರ್ಧಾರ. ಸ್ಲೆಡ್ (ತೂಕ ಹೇರಿದ ಕಬ್ಬಿಣದ ಜಾರುಬಂಡಿ) ತಳ್ಳುವುದು ಗಂಡಸರಿಗೆ ಸ್ಲೆಡ್ಡೂ ಸೇರಿ 152 ಕೆಜಿ, ಹೆಂಗಸರಿಗೆ 102; ಅದನ್ನು ಹಗ್ಗದಿಂದ ಎಳೆಯುವುದು 103 ಮತ್ತು 78; ಲಂಜ್‌ನ (ಮೊಣಕಾಲು ನೆಲಕ್ಕೆ ತಾಗಿಸುತ್ತ ನಡೆಯುವುದರ) ಮರಳುಚೀಲ 20 ಮತ್ತು 10; ವಾಲ್ ಬಾಲ್ (ಕುಳಿತೆದ್ದು ಎತ್ತರದ ಗುರಿಗೆ ಎಸೆಯುವ ಚೆಂಡು) 6 ಮತ್ತು 4, ಅದರ ಗುರಿಯೂ ಹೆಂಗಸರಿಗೆ ತಗ್ಗು. ಆದರೆ ಸ್ಕೀ ಅರ್ಗ್ (ನಿಂತುಕೊಂಡು ಎರಡು ಹಿಡಿಕೆಗಳನ್ನು ಕೆಳಕ್ಕೆ ಎಳೆಯುವ ಯಂತ್ರ) ಎಲ್ಲರಿಗೂ 1000 ಮೀಟರ್, ರೋಯಿಂಗ್ ಎಲ್ಲರಿಗೂ 1000 ಮೀಟರ್, ಬರ್ಪಿ ಬ್ರಾಡ್ ಜಂಪ್ (ನೆಲಕ್ಕೆ ಎದೆ ತಾಗಿಸಿ ಎದ್ದು ಮುಂದಕ್ಕೆ ಜಿಗಿಯುವುದು) ಎಲ್ಲರಿಗೂ 80 ಮೀಟರ್. ನಿಯಮ ತೂಕ ಇಳಿಸಿಕೊಟ್ಟ ಕಡೆ ಹೆಣ್ಣುಮಕ್ಕಳನ್ನು, ಅಳತೆ ಎಲ್ಲರಿಗೂ ಒಂದೇ ಇರುವ ಕಡೆ ಗಂಡುಮಕ್ಕಳನ್ನು ನಿಲ್ಲಿಸಬೇಕೆಂಬುದೇ ನನ್ನ ಒಟ್ಟು ಸೂತ್ರ.

ನೆನಪಿನಿಂದ ಹೇಳುವುದಾದರೆ, ನಮ್ಮ ನಾಲ್ವರಲ್ಲಿ ರೋಯಿಂಗ್‌ನಲ್ಲಿ ಹುಡುಗರಿಗೂ ಹುಡುಗಿಯರಿಗೂ 50 ಸೆಕೆಂಡಿನಷ್ಟು ಅಂತರವಿತ್ತು. ಸ್ಕೀಯಲ್ಲಿ ಸುಮಾರು ಅಷ್ಟೇ. ಬರ್ಪಿಯಲ್ಲಿ ಒಂದು ನಿಮಿಷ. ಸ್ಲೆಡ್ ತಳ್ಳುವುದರಲ್ಲಿ ಅಂತರ ಹತ್ತೇ ಸೆಕೆಂಡು, ಲಂಜ್‌ನಲ್ಲಿ ಇಲ್ಲವೆನ್ನುವಷ್ಟು, ವಾಲ್ ಬಾಲ್‌ನಲ್ಲಿ ಹುಡುಗಿಯರೇ 20 ಸೆಕೆಂಡು ಮುಂದೆ. ಈ ಸಮಯಗಳನ್ನು ಸುಧಾರಿಸಿಕೊಂಡ ದೇಹದಲ್ಲಿ ತೆಗೆದರೆ ಪ್ರಯೋಜನವಿಲ್ಲ. ಒಂದು ಕಿಲೋಮೀಟರ್ ಜೋರಾಗಿ ಓಡಿ ಬಂದ ಕೂಡಲೇ ಸ್ಟೇಷನ್‌ಗೆ ಹತ್ತಿಸಿ ತೆಗೆಯಬೇಕು; ಹಾಗೆ ತೆಗೆದಾಗ ನಮ್ಮಲ್ಲಿ ರೋಯಿಂಗ್‌ನ ಶೂರನೆಂದು ಹೆಸರಾಗಿದ್ದವನು ಎರಡನೇ ಸ್ಥಾನಕ್ಕೆ ಇಳಿದ.

ಹಂಚಿಕೆಯ ಹಾಳೆಯನ್ನು ಗೋಡೆಗೆ ಅಂಟಿಸಿದ ದಿನ ತಂಡದ ಕಿರಿಯವನೇ ಕೇಳಿದ: "ಸರ್, ಸ್ಲೆಡ್ ಅಕ್ಕಾರ ಕಡೆ ಕೊಟ್ಟು ನಮ್ಮನ್ನ ಸ್ಕೀ ಮ್ಯಾಲೆ ನಿಂದರಸ್ತೀರೇನ್ರಿ? ನೋಡಿದವ್ರು ಏನಂದಾರು?" ಅವನು ಅಕ್ಕ ಎಂದದ್ದು 44 ವರ್ಷದ ದೈಹಿಕ ಶಿಕ್ಷಕಿಯೊಬ್ಬರನ್ನು. ಅವರನ್ನು ಸ್ಲೆಡ್ ಎಳೆಯುವುದಕ್ಕೂ ಕೊನೆಯ ವಾಲ್ ಬಾಲ್‌ಗೂ ಹಾಕಿದ್ದು ಹೊರಗಿನವರಿಗಂತೂ ಸ್ವಲ್ಪವೂ ಸರಿಬರಲಿಲ್ಲ. ದೆಹಲಿಯಲ್ಲಿ 100 ವಾಲ್ ಬಾಲ್‌ಗಳನ್ನು ಅವರು ಎರಡೇ ಸಲ ಚೆಂಡು ಇಳಿಸಿ ಮುಗಿಸಿದರು. ಆ ವಯಸ್ಸಿನ ಹೆಣ್ಣುಮಗಳೊಬ್ಬಳನ್ನು ಅಷ್ಟು ದೂರ ತಯಾರು ಮಾಡಿದ ಹೆಮ್ಮೆ ನನಗಿದೆ.

ದುಡ್ಡು ಹೋದದ್ದು ಸ್ಲೆಡ್ಡಿಗೆ. ಗೋಕುಲ ರಸ್ತೆಯ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಆಂಗಲ್ ಪಟ್ಟಿಯಿಂದ ಮಾಡಿಸಿದ ಮೊದಲ ಸ್ಲೆಡ್ ಆರೂವರೆ ಸಾವಿರ ತಿಂದಿತು; ಅದರ ಅಂಚು ನೆಲದ ಹಾಸನ್ನು ಬ್ಲೇಡಿನಂತೆ ಸೀಳುತ್ತಿದ್ದುದರಿಂದ ಗುಜರಿಗೆ ಹೋಯಿತು. ಎರಡನೆಯದಕ್ಕೆ ಅಡಿಯಲ್ಲಿ ಅಗಲವಾದ ತಗಡಿನ ಪಟ್ಟಿ ಕೊಟ್ಟು, ಮುಂಚೂಣಿಯನ್ನು ಮೇಲಕ್ಕೆ ಬಗ್ಗಿಸಿ, ಮೂಲೆಗಳನ್ನು ಗ್ರೈಂಡರ್‌ನಲ್ಲಿ ಉಜ್ಜಿಸಿದೆವು. ಅದು ಒಂಬತ್ತು ಸಾವಿರ ದಾಟಿತು. ನೆಲಕ್ಕೆ ಹಾಸಲು ಮೊದಲು ಶಾಮಿಯಾನದವರ ಬಳಿ ಸಿಗುವ ತೆಳು ಕಾರ್ಪೆಟ್ ತಂದೆವು. ಸಿಮೆಂಟ್ ನೆಲದ ಮೇಲೆ ಸ್ಲೆಡ್ಡಿನ ಜೊತೆಗೆ ಕಾರ್ಪೆಟ್ಟೂ ಹೊರಟುಬಿಡುತ್ತಿತ್ತು. ಕೊನೆಗೆ ಹನ್ನೆರಡೂವರೆ ಮೀಟರ್ ಉದ್ದ, ನಾಲ್ಕಡಿ ಅಗಲಕ್ಕೆ ಕೃತಕ ಹುಲ್ಲು ಅಂಟಿಸಿದ್ದಕ್ಕೆ ಇನ್ನೊಂದು ಏಳೆಂಟು ಸಾವಿರ.

ಹುಲ್ಲಿನ ಮೇಲೆ 102 ಕೆಜಿ ಹೇರಿದ ಮಾತ್ರಕ್ಕೆ ಅದು ಸ್ಪರ್ಧೆಯ 102 ಆಗುವುದಿಲ್ಲ, ಏಕೆಂದರೆ ಎಳೆತವನ್ನು ನಿರ್ಧರಿಸುವುದು ಹಾಸು. ನಮ್ಮ ಜಿಮ್ಮಿನ ಇಬ್ಬರು ಮೇ ತಿಂಗಳಲ್ಲಿ ಮುಂಬೈನ ಗೋರೆಗಾಂವ್‌ನಲ್ಲಿ, ನೆಸ್ಕೋ ಕೇಂದ್ರದ ಸ್ಪರ್ಧೆಯಲ್ಲಿ ಒಂಟಿಯಾಗಿ ಓಡಿಬಂದಿದ್ದರು. ಅವರು ಅಲ್ಲಿ ಸ್ಲೆಡ್ಡಿಗೆ ತೆಗೆದುಕೊಂಡ ಸಮಯವನ್ನು ಮುಂದಿಟ್ಟುಕೊಂಡು, ನಮ್ಮ ಹುಲ್ಲಿನ ಮೇಲೂ ಅವರಿಗೆ ಅಷ್ಟೇ ಸಮಯ ಹಿಡಿಯುವವರೆಗೆ ಪ್ಲೇಟುಗಳನ್ನು ಏರಿಸಿ ಇಳಿಸಿದೆವು. ಕೊನೆಗೆ ನಿಂತ ತೂಕ ನಿಯಮಪುಸ್ತಕದ ತೂಕಕ್ಕಿಂತ ಸಾಕಷ್ಟು ಬೇರೆಯಿತ್ತು. ಆ ಅಂಕಿಯನ್ನು ಇಲ್ಲಿ ಕೊಡುವುದಿಲ್ಲ. ನಿಮ್ಮ ನೆಲದ ಹಾಸಿನ ಮೇಲೆ ಅದು ಹೊಂದುವುದೂ ಇಲ್ಲ.

ವಾಲ್ ಬಾಲನ್ನು ಮನೆಯಲ್ಲೇ ಮಾಡಿಸಿ ಹಣ ಉಳಿಸಲು ನೋಡಿದೆವು. ಚರ್ಮದ ಕೆಲಸದವರಿಂದ ಹೊಲಿಸಿ ಸೋಸಿದ ಮರಳು ತುಂಬಿಸಿದ ಚೆಂಡು, ಮೂವತ್ತು ಎಸೆತಗಳೊಳಗೆ ಮರಳೆಲ್ಲ ಒಂದು ಬದಿಗೆ ಸರಿದು, ಕೈಗೆ ಬರುವಾಗ ಮಣಿಕಟ್ಟನ್ನು ತಿರುಚುತ್ತಿತ್ತು. ರಬ್ಬರ್ ಪುಡಿ ಮತ್ತು ಹತ್ತಿಯ ವೇಸ್ಟ್ ಬೆರೆಸಿ ತುಂಬಿದಾಗ ಗಾತ್ರ ಸರಿಹೋಯಿತು, ತೂಕ ಮಾತ್ರ 4 ಕೆಜಿಗೆ ಏರಲೇ ಇಲ್ಲ. ಇದನ್ನು ಕೊಂಡುಕೊಳ್ಳುವುದೇ ಲೇಸು. ಲಂಜ್‌ನ ಚೀಲಕ್ಕೆ ಮಾತ್ರ ಮರಳು, ಎರಡು ಪದರ ಗೋಣಿ, ಮೇಲೊಂದು ಕ್ಯಾನ್ವಾಸ್ ಸಾಕು. ನಮ್ಮದು ಇಂದಿಗೂ ಹರಿದಿಲ್ಲ.

ಸ್ಕೀ ಯಂತ್ರ ನಮ್ಮಲ್ಲಿರಲಿಲ್ಲ. ರಬ್ಬರ್ ಬ್ಯಾಂಡ್ ಕಟ್ಟಿ ಎಳೆಸಿದ್ದು ಹೊಟ್ಟೆಯ ಬಲಕ್ಕೆ ಒಳ್ಳೆಯದು, ಆದರೆ 1000 ಮೀಟರ್‌ಗೆ ಬೇಕಾದ ಲಯ ಅದರಿಂದ ಬರುವುದಿಲ್ಲ. ವಾರಕ್ಕೊಮ್ಮೆ ಇನ್ನೊಂದು ಜಿಮ್ಮಿನ ಯಂತ್ರವನ್ನು ಗಂಟೆಗೆ ಮುನ್ನೂರರಂತೆ ಬಾಡಿಗೆಗೆ ಹಿಡಿದೆವು. ಓಟಕ್ಕೆ ಉಣಕಲ್ ಕೆರೆಯ ದಂಡೆ, ಉಸಿರು ಗಟ್ಟಿ ಮಾಡಲು ನೃಪತುಂಗ ಬೆಟ್ಟದ ಏರು. ಬೆಟ್ಟ ಇಳಿದ ತಕ್ಷಣ ವಾಲ್ ಬಾಲ್ ಮಾಡಿಸುವ ಪ್ರಯೋಗವನ್ನೂ ಒಂದಷ್ಟು ವಾರ ನಡೆಸಿದೆ; ಇಳಿಜಾರಿನಲ್ಲಿ ತೊಡೆ ಸೋತು ಮರುದಿನದ ಅಭ್ಯಾಸವೇ ಕೆಡುತ್ತಿದ್ದುದರಿಂದ ಬಿಟ್ಟೆ.

ಕೊನೆಯಲ್ಲಿ ನಿಂತ ಹಂಚಿಕೆ ಹೀಗಿತ್ತು: ಮೊದಲ ಹುಡುಗನಿಗೆ ಸ್ಕೀ ಮತ್ತು ರೋಯಿಂಗ್, ಎರಡನೆಯವನಿಗೆ ಬರ್ಪಿ ಮತ್ತು ಫಾರ್ಮರ್ಸ್ ಕ್ಯಾರಿ (ಎರಡೂ ಕೈಯಲ್ಲಿ ತೂಕ ಹಿಡಿದು ನಡೆಯುವುದು), ಕಿರಿಯ ಹುಡುಗಿಗೆ ಸ್ಲೆಡ್ ತಳ್ಳುವುದು ಮತ್ತು ಲಂಜ್, ಅಕ್ಕನಿಗೆ ಸ್ಲೆಡ್ ಎಳೆಯುವುದು ಮತ್ತು ವಾಲ್ ಬಾಲ್. ಇದರ ಇನ್ನೊಂದು ಲಾಭವೆಂದರೆ ಹೆಣ್ಣುಮಕ್ಕಳಿಬ್ಬರಿಗೂ ಎರಡು ಸರದಿಗಳ ನಡುವೆ ಇಪ್ಪತ್ತೈದು ನಿಮಿಷದಷ್ಟಾದರೂ ಬಿಡುವು ಸಿಗುತ್ತದೆ. ಎರಡನೇ ಹುಡುಗನಿಗೆ ಮಾತ್ರ ಹತ್ತು ನಿಮಿಷವೂ ದಕ್ಕುವುದಿಲ್ಲ. ಆದ್ದರಿಂದ ಅಲ್ಲಿಗೆ ಬೇಗ ಸುಧಾರಿಸಿಕೊಳ್ಳುವವನೇ ಬೇಕು. ಸರದಿ ಬದಲಾಗುವ ಜಾಗದಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತ ಕಳೆಯುವ ಸಮಯವನ್ನು ಸಲಕ್ಕೆ ನಾಲ್ಕೈದು ಸೆಕೆಂಡು ಇಳಿಸಿದೆವು. ಅದಕ್ಕೆ ಬಳಸಿದ ಸನ್ನೆ ತಂಡದೊಳಗೇ ಇರಲಿ, ಇನ್ನೊಂದು ಸೀಸನ್ ಮುಗಿಯಬೇಕಿದೆ.

ಪ್ರವೇಶ ಶುಲ್ಕ, ರೈಲು, ವಸತಿ ಎಲ್ಲ ಸೇರಿ ತಲೆಗೆ ಹದಿನೈದು ಸಾವಿರದ ಮೇಲಾಯಿತು. ಸಲಕರಣೆಗೆ ಬೇರೆಯಾಗಿ ಮೂವತ್ತು ಸಾವಿರದ ಹತ್ತಿರ. ಈಗ ಉಳಿದಿರುವ ಕೊರತೆ ಸ್ಲೆಡ್ ಎಳೆಯುವುದರಲ್ಲಿ: ನಮ್ಮ ನೈಲಾನ್ ಹಗ್ಗ ತೆಳುವಾಗಿದ್ದು, ದೆಹಲಿಯ ದಪ್ಪ ಹಗ್ಗಕ್ಕೆ ಅಕ್ಕನ ಹಿಡಿತ ಒಗ್ಗಲು ಮೊದಲ ಸುತ್ತು ಪೂರ್ತಿ ಹೋಯಿತು. ದಪ್ಪ ಹಗ್ಗ ತರಿಸಿಯಾಗಿದೆ. ಸ್ಲೆಡ್ಡೂ ಹುಲ್ಲಿನ ಹಾಸೂ ನಮ್ಮ ಜಿಮ್ಮಿನ ಶೆಡ್ಡಿನಲ್ಲೇ ಇವೆ. ಧಾರವಾಡ, ಗದಗಿನ ಕಡೆಯ ತಂಡಗಳು ಭಾನುವಾರ ಬೆಳಿಗ್ಗೆ ಬಂದು ತಮ್ಮ ನಾಲ್ವರ ಸಮಯ ತೆಗೆದುಕೊಂಡು ಹೋಗಬಹುದು, ಪ್ಲೇಟುಗಳನ್ನು ಮಾತ್ರ ತಾವೇ ತರಬೇಕು.